ಕವಳದ ಡಬ್ಬಿಯ ಪೆಡಲ್

ಗಿಟಾರಿನ ದನಿಯನ್ನು ಗರಗಸದಂತೆ ಒರಟಾಗಿಸುವ ಓವರ್‌ಡ್ರೈವ್ ಪೆಡಲ್ ಒಂದನ್ನು ತಾನೇ ಮಾಡಬೇಕೆಂದು ಸಿದ್ದಾಪುರದ ಮೇಧಾ ಹಟ ಹಿಡಿದಿದ್ದಳು. ಅದಕ್ಕೊಂದು ಲೋಹದ ಕವಚ ಬೇಕಿತ್ತು. ಶಿರಸಿಯ ಗುಜರಿ ಅಂಗಡಿಯಲ್ಲಿ ಯಾರೋ ಎಲೆಯಡಿಕೆ ಇಟ್ಟುಕೊಳ್ಳುತ್ತಿದ್ದ ಹಳೆಯ ಕವಳದ ಡಬ್ಬಿ ಸಿಕ್ಕಿತು. ಉರಿಬಿಸಿಲಿನ ಮಧ್ಯಾಹ್ನ ಅದರೊಳಗೆ ಬೆಸುಗೆ ಹಾಕುತ್ತಿದ್ದರೂ ಡಬ್ಬಿ ಮಾತ್ರ ಬಾವಿನೀರಿನಂತೆ ತಣ್ಣಗಿತ್ತು. ಎಷ್ಟು ತೊಳೆದರೂ ಹಸಿ ಸುಣ್ಣದ ವಾಸನೆ ಹೋಗಿರಲಿಲ್ಲ.

ಕೆಲಸ ಮುಗಿಯಿತೆಂದುಕೊಂಡು ಗಿಟಾರನ್ನು ಪೆಡಲ್‌ಗೂ ಪೆಡಲನ್ನು ಆಂಪ್ಲಿಫೈಯರಿಗೂ ಜೋಡಿಸಿ ಸ್ವಿಚ್ ಹಾಕಿದಳು. ಸ್ಪೀಕರಿನಲ್ಲಿ ಯಾರೋ ಉಸಿರೆಳೆದುಕೊಂಡಂತಾಯಿತು. ಅವಳು ತಂತಿಯತ್ತ ಕೈ ಚಾಚಿದ್ದೇ ತಡ, ಮುದುಕಿಯೊಬ್ಬಳ ದನಿ ಸ್ಪಷ್ಟವಾಗಿ ಕೇಳಿತು: "ಕೂಸೇ, ಮುಟ್ಟಡ!"

ಮೇಧಾ ಬೆಚ್ಚಿ ಕೈ ಹಿಂದೆಳೆದುಕೊಂಡಳು. ಅಡುಗೆಮನೆಯಿಂದ ಅಮ್ಮ ಓಡಿಬಂದಳು.

"ಆಯಿ, ನೀನು ಕೂಗಿದ್ಯಾ?"

"ಆನು ಕೂಗಿದ್ನಿಲ್ಲೆ. ಅದ್ಯಾರೇ ಅಜ್ಜಿ ದನಿ?"

ಅನುಮಾನ ಬಂದು ಮೇಧಾ ತಂತಿಗೆ ಟೆಸ್ಟರ್ ತಾಗಿಸಿದಳು. ದೀಪ ಹತ್ತಿತು. ಆಂಪ್ಲಿಫೈಯರಿನೊಳಗೆ ಇಲಿ ಕಡಿದ ವೈರೊಂದು ಲೋಹಕ್ಕೆ ತಾಗಿ, ಗಿಟಾರಿನ ತಂತಿಗಳಿಗೆಲ್ಲ ಕರೆಂಟು ಬಂದಿತ್ತು. ಆಗಷ್ಟೇ ಒರೆಸಿದ ಒದ್ದೆ ನೆಲದ ಮೇಲೆ ಅವಳು ಬರಿಗಾಲಲ್ಲಿ ನಿಂತಿದ್ದಳು.

ಸ್ವಿಚ್ ಆರಿಸಿ, ಅಮ್ಮ ಅವಳನ್ನು ತಬ್ಬಿಕೊಂಡು ಅತ್ತಳು. "ಯಾರೇ ಆಗ್ಲಿ, ಪುಣ್ಯಾತ್ಗಿತ್ತಿ. ಕೈ ಮುಗಿ."

ಮೇಧಾ ಮನಸಾರೆ ಕೈಮುಗಿದಳು. ಈಗಲೂ ನುಡಿಸುವ ಮುನ್ನ ಮುಗಿಯುತ್ತಾಳೆ. ಹೆದರಿಕೆಯಿಂದಲ್ಲ, ಋಣದಿಂದ.

ಅಂದು ಸಂಜೆ ಅವಳು ಡಬ್ಬಿ ಬಿಚ್ಚಿ ನೋಡಿದ್ದಳು. ಪೆಡಲಿನಿಂದ ಸ್ಪೀಕರಿಗೆ ದನಿ ಒಯ್ಯಬೇಕಾದ ವೈರಿನ ತುದಿ ಬರಿದೇ ನೇತಾಡುತ್ತಿತ್ತು. ಅದಕ್ಕೆ ಬೆಸುಗೆ ಹಾಕುವುದನ್ನೇ ಅವಳು ಮರೆತಿದ್ದಳು.