ಅವಳ ಲೈಸೆನ್ಸ್ ಅವನ ಕೈಯಲ್ಲಿ

"ಏನಂದ್ರಿ ಅವರಿಗೆ? ಇಬ್ರೂ ಕೂಡಿ ಯಾಕ ನಕ್ಕ್ರಿ?"

ಕೊಲ್ಹಾಪುರದ ನಡುರಸ್ತೆಯಲ್ಲಿ, ಅನಾನಸ್ ತುಂಬಿದ ತನ್ನ ಪಿಕಪ್ ಗಾಡಿಯ ಪಕ್ಕ ನಿಂತು ಕಾವ್ಯಶ್ರೀ ಕೇಳಿದಳು.

ಎದುರಿಗಿದ್ದವನು ಯಾರೋ ಏನೋ. ಹಿಂದೆ ದೊಡ್ಡ ರಸ್ತೆಯಲ್ಲಿ ನಿಂತಿದ್ದ ಲಾರಿಯಿಂದ ಇಳಿದು ಬಂದಿದ್ದ. ಅವನ ಲಾರಿಗೂ ಶಿರಸಿಯದೇ ನಂಬರು.

ಆದದ್ದು ಇಷ್ಟೆ. ಬೆಳಗಿನ ಹೊತ್ತು ಸರಕಿನ ಗಾಡಿಗಳು ಬರಬಾರದ ರಸ್ತೆಗೆ ಅವಳು ನುಗ್ಗಿದ್ದಳು. ಹಾಗೆಂದು ಬರೆದ ಫಲಕ ಯಾರದೋ ಹುಟ್ಟುಹಬ್ಬದ ಬ್ಯಾನರಿನ ಹಿಂದೆ ಅಡಗಿತ್ತು. ಟ್ರಾಫಿಕ್ ಪೊಲೀಸ್ ಸೀಟಿ ಊದಿದ. ಅವನಿಗೆ ಕನ್ನಡ ಬಾರದು, ಇವಳಿಗೆ ಮರಾಠಿ ಬಾರದು. ಆಗ ಈ ಮನುಷ್ಯ ಬಂದು ಮರಾಠಿಯಲ್ಲಿ ಏನೇನೋ ಮಾತಾಡಿದ. ಪೊಲೀಸ್ ಇವಳತ್ತ ನೋಡಿ ಏನೋ ಕೇಳಿದ, ಇವನು ಏನೋ ಅಂದ... ಇಬ್ಬರೂ ನಕ್ಕರು! ಮರುಕ್ಷಣವೇ ಪೊಲೀಸ್ ಅವಳ ಲೈಸೆನ್ಸನ್ನು ಜೇಬಿಗಿಳಿಸಿ, ಒಂದು ರಸೀದಿ ಹರಿದು ಕೊಟ್ಟು ನಡೆದೇಬಿಟ್ಟ.

"ಎಂತ ಇಲ್ಲ, ಸುಮ್ನೆ ನಗಾಡಿದ್ವಿ," ಎಂದ ಅವನು, ಮುಖ ಬೇರೆ ಕಡೆ ತಿರುಗಿಸಿ. "ದಂಡ ಕಚೇರೀಲೇ ಕಟ್ಬೇಕಂತೆ. ಇವತ್ತು ಭಾನುವಾರ, ನಾಳೆ ಸೈತ ರಜೆ. ಸದ್ಯಕ್ಕೆ ಆ ರಸೀದಿ ತೋರಿಸಿ ಗಾಡಿ ಓಡಿಸ್ಬಹುದು. ನಾ ವಾರಕ್ಕೆರಡು ಸಲ ಬಾಳೆಕಾಯಿ ಹೇರ್ಕೊಂಡು ಇಲ್ಲಿಗೆ ಬರ್ತೆ. ಒಂದು ಒಪ್ಪಿಗೆ ಪತ್ರ ಕೊಟ್ರೆ ನಾನೇ ದಂಡ ಕಟ್ಟಿ ಲೈಸೆನ್ಸ್ ತಂದುಕೊಡ್ತೆ."

"ಬ್ಯಾಡ್ರಿ! ನಿಮ್ಮ ಉಪಕಾರ ನಿಮ್ಮ ಕಡೀಗೇ ಇರ್ಲಿ."

'ಲೈಸೆನ್ಸ್ ಕಸಿದು ಕೊಡೂದೂ ಇವನ, ಬಿಡಿಸಿ ತರೂದೂ ಇವನ! ಪೊಲೀಸನ ಕೂಡ ಏನು ಒಳಒಪ್ಪಂದ ಐತೋ...'

ಮಾರುಕಟ್ಟೆಯಲ್ಲಿ ಹಣ್ಣು ಇಳಿಸಿ ಅವಳು ಊರಿನ ದಾರಿ ಹಿಡಿದಳು. ನಿಪ್ಪಾಣಿ ದಾಟುವಾಗ ಕನ್ನಡಿಯಲ್ಲಿ ನೋಡುತ್ತಾಳೆ... ಅದೇ ಲಾರಿ! ಬೆಳಗಾವಿ ದಾಟಿದರೂ ಅದೇ ಲಾರಿ. ಮತ್ತೆ ಮತ್ತೆ ಹೆಡ್‌ಲೈಟ್ ಮಿಣುಕಿಸುತ್ತಿತ್ತು. ಜನ ಇರುವ ಢಾಬಾ ನೋಡಿ ಗಾಡಿ ನಿಲ್ಲಿಸಿದಳು. ಲಾರಿಯೂ ನಿಂತಿತು.

"ಯಾಕ್ರೀ ಬೆನ್ನು ಹತ್ತೀರಿ?"

"ಶಿರಸಿಗೆ ಬೇರೆ ರಸ್ತೆ ಇದ್ರೆ ಹೇಳಿ ಮಾರಾಯ್ರೆ, ಅದ್ರಲ್ಲೇ ಹೋಗ್ತೆ!" ಎಂದು ನಕ್ಕ ಅವನು. "ನಿಮ್ಮ ಬ್ರೇಕ್ ಲೈಟ್ ಎರಡೂ ಉರೀತಾ ಇಲ್ಲ. ಅದನ್ನ ಹೇಳೂಕೆ ಲೈಟ್ ಹೊಡ್ದೆ. ಕತ್ತಲಾದ್ಮೇಲೆ ಹಿಂದಿನವ ಬಂದು ಗುದ್ದಿದ್ರೆ?"

ಢಾಬಾದ ಹುಡುಗನಿಗೆ ಬ್ರೇಕ್ ಒತ್ತಲು ಹೇಳಿ ಅವಳು ಹಿಂದೆ ಹೋಗಿ ನೋಡಿದಳು. ಹೌದು, ಎರಡೂ ಸತ್ತಿದ್ದವು. ಅವನು ತನ್ನ ಲಾರಿಯಿಂದ ಬಲ್ಬ್ ತಂದು ಬದಲಾಯಿಸಿಕೊಟ್ಟ. ಹೆಸರು ಮನೋಹರ, ಸಿದ್ದಾಪುರ ತಾಲೂಕಿನ ಹೆಗ್ಗರಣೆಯವನು. ಫೋನ್ ನಂಬರು ಹೇಳಿ ಹೊರಟುಹೋದ.

ಕಾವ್ಯಶ್ರೀ ಶಿರಸಿ ತಾಲೂಕಿನ ದಾಸನಕೊಪ್ಪದವಳು. ಮನೆಯಲ್ಲಿ ಅವಳು ಮತ್ತು ತಾಯಿ ಪಾರ್ವತವ್ವ, ಇಬ್ಬರೇ. ಸರಕಾರಿ ಬಸ್ಸಿನ ಚಾಲಕಿಯಾಗಬೇಕೆಂಬುದು ಅವಳ ಬಹಳ ವರ್ಷಗಳ ಆಸೆ. ಮುಂದಿನ ಸೋಮವಾರವೇ ಚಾಲನಾ ಪರೀಕ್ಷೆ. ಮೂಲ ಲೈಸೆನ್ಸ್ ಇಲ್ಲದಿದ್ದರೆ ಬಾಗಿಲಲ್ಲೇ ಹೊರಗೆ!

ಶಿರಸಿಯಲ್ಲಿ ಇಂಥ ಕೆಲಸ ಮಾಡಿಸಿಕೊಡುವವರನ್ನು ಕೇಳಿದಳು. "ಬೇರೆ ರಾಜ್ಯದ ಕೇಸು, ನಮಗೆ ಬೇಡ," ಎಂದು ಎಲ್ಲರೂ ಕೈಚೆಲ್ಲಿದರು. ಸ್ವತಃ ಹೋಗೋಣವೆಂದರೆ ಪಾರ್ವತವ್ವ ಜ್ವರ ಬಂದು ಮಲಗಿದ್ದಳು. ಕೊನೆಗೆ ಬೇರೆ ದಾರಿ ಕಾಣದೆ ಮನೋಹರನಿಗೇ ಫೋನ್ ಮಾಡಿ ಸೋಮವಾರದ ಪರೀಕ್ಷೆಯ ವಿಷಯ ಹೇಳಿದಳು.

ಶಿರಸಿಯ ಮಾರುಕಟ್ಟೆಯ ಗೇಟಿನಲ್ಲಿ ರಸೀದಿ, ಪತ್ರ, ದಂಡದ ಹಣ ಎಲ್ಲವನ್ನೂ ಅವನ ಕೈಗಿಡುವಾಗ ಅವಳು ರಸೀದಿಯ ಅಂಚನ್ನು ಕೂಡಲೇ ಬಿಡಲಿಲ್ಲ.

"ಹೆದರ್ಬೇಡಿ," ಎಂದ ಅವನು ಮೆಲ್ಲಗೆ.

ಹೆದರದೆ ಏನು ಮಾಡಿಯಾಳು? ಎರಡು ವರ್ಷದ ಹಿಂದೆ ಅವಳ ಮದುವೆ ನಿಶ್ಚಯವಾಗಿತ್ತು. "ನೀ ಗಾಡಿ ಓಡಿಸೂದು ನನಗ ಭಾಳ ಸೇರ್ತೈತಿ," ಎನ್ನುತ್ತಿದ್ದ ಹುಡುಗ, ದೊಡ್ಡ ಗಾಡಿ ಓಡಿಸುವ ಹೆವಿ ಲೈಸೆನ್ಸಿನ ಪರೀಕ್ಷೆಯ ಹಿಂದಿನ ದಿನ ಅವಳ ಹಳೆಯ ಲೈಸೆನ್ಸನ್ನು ಬಚ್ಚಿಟ್ಟಿದ್ದ. ಮನೆಯೆಲ್ಲ ಹುಡುಕಿ, ಅತ್ತು, ಕೊನೆಗೆ ನೋಡಿದರೆ ಅದು ಅವನ ಪಾಕೀಟಿನಲ್ಲಿತ್ತು! "ಮದುವಿ ಆದಮ್ಯಾಲ ನಿನಗ್ಯಾಕ ಇದು?" ಎಂದಿದ್ದ ನಗುತ್ತ. ಅವಳು ಆ ಮದುವೆಯನ್ನೇ ಬಿಟ್ಟಳು. ಆದರೆ ಆ ನಗು ಅವಳನ್ನು ಬಿಟ್ಟಿರಲಿಲ್ಲ.

ಅಂದು ರಾತ್ರಿ ಮನೋಹರನೇ ಫೋನ್ ಮಾಡಿದ. "ರಿವರ್ಸ್ ತೆಗೆಯೂದು ರೂಢಿ ಮಾಡಿದ್ರಾ? ದೊಡ್ಡ ಗಾಡಿ ಹಿಂದೆ ಹೋಗೂವಾಗ ಕನ್ನಡಿ ನಂಬಿ, ಕುತ್ತಿಗೆ ತಿರುಗಿಸ್ಬೇಡಿ."

ಮರುದಿನವೂ ಮಾಡಿದ. ಅವ್ವನ ಜ್ವರ ಕೇಳಿದ, ಊಟವಾಯಿತೇ ಕೇಳಿದ. ಫೋನ್ ಇಟ್ಟ ಮೇಲೂ ಅವನ ದನಿ ಕಿವಿಯಲ್ಲೇ ಉಳಿಯಿತು. 'ಛೇ, ಇದೇನಿದು! ನಾಕು ಮಾತಿಗೇ ಕರಗಿದ್ನಾ ನಾನು?' ಎಂದು ತನ್ನನ್ನೇ ಬೈದುಕೊಂಡಳು. ಮೂರನೆಯ ದಿನ ಮಾತ್ರ ಬೆಳಗಿನಿಂದಲೇ ಅವನ ಫೋನಿಗೆ ಕಾದಳು.

ಬರಲಿಲ್ಲ.

ತಾನೇ ಮಾಡಿದಳು. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ರಿಂಗ್ ಆಗುತ್ತದೆ, ಎತ್ತುವುದಿಲ್ಲ. ಹೊತ್ತು ಏರಿತು, ಇಳಿಯಿತು...

ಅವಳು ಮಾರುಕಟ್ಟೆಗೆ ಹೋಗಿ ಹಮಾಲಿ ಕೆರಿಯಪ್ಪನನ್ನು ಕೇಳಿದಳು. ಲಾರಿಯವರೆಲ್ಲ ಅವನಿಗೆ ಪರಿಚಯ.

"ಹೆಗ್ಗರಣೆ ಮನೋಹರನಾ? ಕೊಲ್ಹಾಪುರಕ್ಕೆ ಹೋಗ್ಯಾನಲ್ಲವ್ವ. ಅವನೂ ಸೋಮವಾರ ಬಸ್ಸಿನ ಪರೀಕ್ಷೆಗೆ ಹೊಂಟಾನ. ನಿನಗ ಗೊತ್ತಿಲ್ಲೇನು?"

ಕಾವ್ಯಶ್ರೀ ಅಲ್ಲಿಂದಲೇ ಮತ್ತೊಮ್ಮೆ ಫೋನ್ ಮಾಡಿದಳು, ಎತ್ತಲಿಲ್ಲ.

ಅದೇ ಪರೀಕ್ಷೆ! ಅದೇ ಕೆಲಸ! ಅಷ್ಟೆಲ್ಲ ಮಾತಾಡಿದವನು ಇದೊಂದನ್ನು ಮಾತ್ರ ಹೇಳಲಿಲ್ಲ! ತನ್ನ ರಸೀದಿ ಅವನ ಕೈಯಲ್ಲಿ, ಒಪ್ಪಿಗೆ ಪತ್ರವೂ ಅವನ ಕೈಯಲ್ಲಿ. ಸೋಮವಾರ ಕಳೆಯುವವರೆಗೆ ಫೋನ್ ಎತ್ತದಿದ್ದರೆ ಸಾಕು, ಒಬ್ಬಳು ಕಡಿಮೆಯಾಗುತ್ತಾಳೆ...

'ಮತ್ತ ಮೋಸ ಹೋದ್ನಲ್ಲ! ಮತ್ತ ಒಬ್ಬ ಗಂಡಸಿನ ಕೈಯಾಗ ನಾನಾಗೇ ಕೊಟ್ಟು ಬಂದ್ನಲ್ಲ!'

ಅಳಲಿಲ್ಲ ಅವಳು. ಅವ್ವನ ಜ್ವರ ಇಳಿದಿತ್ತು. ಪಕ್ಕದ ಮನೆಯವರಿಗೆ ನೋಡಿಕೊಳ್ಳಲು ಹೇಳಿ, ಸಂಜೆಯ ಬಸ್ಸಿಗೆ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಕೊಲ್ಹಾಪುರದ ಬಸ್ ಹಿಡಿದಳು.

ಬೆಳಿಗ್ಗೆ ಕಚೇರಿಯ ಬಾಗಿಲು ತೆರೆಯುವಾಗಲೇ ಅವಳು ಅಲ್ಲಿದ್ದಳು. ಅದೃಷ್ಟಕ್ಕೆ ಕೌಂಟರಿನಲ್ಲಿದ್ದ ಹೆಂಗಸಿಗೆ ಕನ್ನಡ ಬರುತ್ತಿತ್ತು, ತವರು ನಿಪ್ಪಾಣಿಯಂತೆ.

"ನಿಮ್ದಾ? ಅದನ್ನ ನಿನ್ನೆನೇ ಒಯ್ದಾರಲ್ಲ! ನಿಮ್ಮ ಪತ್ರ ತಂದಿದ್ರು, ದಂಡಾನೂ ಕಟ್ಟಿದ್ರು."

"ನಿನ್ನೆನ...?" ಕಾವ್ಯಶ್ರೀ ಕೌಂಟರಿನ ಅಂಚು ಹಿಡಿದುಕೊಂಡಳು. ನಿನ್ನೆಯೇ ಸಿಕ್ಕಿದೆ, ಆದರೂ ಒಂದು ಮಾತು ಹೇಳಲಿಲ್ಲ! ಇನ್ನು ಅನುಮಾನಕ್ಕೆ ಜಾಗವೆಲ್ಲಿ?

"ಅವ ನನಗ ಮೋಸ ಮಾಡ್ಯಾನ್ರಿ!" ಎಂದು ಅವಳು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ರಸ್ತೆಯಲ್ಲಿ ಇಬ್ಬರೂ ನಕ್ಕಿದ್ದನ್ನೂ ಬಿಡಲಿಲ್ಲ.

ಆ ಹೆಂಗಸು ಒಳಗೆ ಚಹಾ ಕುಡಿಯುತ್ತಿದ್ದ ಪೊಲೀಸನನ್ನು ಕರೆದಳು. ಅವನೇ! ಅಂದಿನ ಪೊಲೀಸ್! ಅವನು ಮರಾಠಿಯಲ್ಲಿ ಹೇಳುತ್ತ ಹೋದ. ಕೇಳುತ್ತ ಕೇಳುತ್ತ ಹೆಂಗಸಿನ ಮುಖ ಅರಳಿತು.

"ತಂಗಿ, ಅವತ್ತು ಇವರು ನಿನ್ನ ಗಾಡೀನೇ ಹಿಡಿಯೋರಿದ್ರಂತ. ಆ ಡ್ರೈವರ್ ಅಡ್ಡ ಬಂದು, 'ಎರಡು ದಿನ ನಿಂತರೆ ಹಣ್ಣು ಕೊಳೀತದೆ. ಬೋರ್ಡು ಕಾಣ್ತಿರಲಿಲ್ಲ, ನೀವೇ ನೋಡಿ. ಲೈಸೆನ್ಸ್ ಇಟ್ಕೊಳ್ಳಿ, ಗಾಡಿ ಬಿಡಿ. ಆಕಿ ಬರದಿದ್ರ ನನ್ನ ಲಾರಿ ಹಿಡೀರಿ, ವಾರಕ್ಕೆರಡು ಸಲ ಇದೇ ದಾರೀಲಿ ಬರ್ತೀನಿ' ಅಂತ ಜಾಮೀನು ನಿಂತನಂತ."

"ಮತ್ತ... ನಕ್ಕಿದ್ದು?"

ಹೆಂಗಸು ಪೊಲೀಸನನ್ನು ಕೇಳಿದಳು. ಅವನು ಮೀಸೆಯಡಿಯಲ್ಲೇ ನಕ್ಕ.

"'ಇಷ್ಟು ವಾದಾ ಮಾಡ್ತೀಯಲ್ಲ, ನಿನ್ನ ಹೆಂಡ್ತೀ ಏನು?' ಅಂತ ಇವರು ಕೇಳಿದ್ರಂತ. 'ಇನ್ನೂ ಹೆಸರೇ ಕೇಳಿಲ್ಲ ಸಾಹೇಬ್ರೆ' ಅಂದನಂತ!"

ಕಾವ್ಯಶ್ರೀಯ ಕಿವಿಯವರೆಗೂ ಬಿಸಿಯೇರಿತು. ಆದರೆ ಮನಸ್ಸಿನ ಮುಳ್ಳು ಪೂರ್ತಿ ಹೋಗಲಿಲ್ಲ. 'ಅವತ್ತು ಒಳ್ಳೇದು ಮಾಡಿದ್ದು ಖರೆ. ಹಂಗಾದ್ರ ಇವತ್ತು ಎಲ್ಲಿ ಅದಾನ?'

ಆಗಲೇ ಅವ್ವನ ಫೋನ್ ಬಂತು.

"ಎಲ್ಲಿ ಸುತ್ತಾಕ್ಹತ್ತೀಯವ್ವ? ಯಾರೋ ಹೆಗ್ಗರಣಿ ಹುಡುಗ ನಿನ್ನ ಲೈಸೆನ್ಸ್ ತಂದಾನ. ಲಾರಿ ಹಗ್ಗ ಬಿಚ್ಚುವಾಗ ಫೋನ್ ಬಿದ್ದು ಗಾಜು ಒಡದೈತಂತ. ರಿಂಗ್ ಆದ್ರೂ ಎತ್ತಾಕ ಬರವಲ್ದಂತ. ದಾಸನಕೊಪ್ಪದಾಗ ಮನಿ ಮನಿ ಕೇಳ್ಕೊಂತ ಬಂದಾನ. ನೀ ಅವನ್ನ ಹಿಡಿಯಾಕ ಕೊಲ್ಹಾಪುರಕ್ಕ ಹೋಗೀ ಅಂತ ಹೇಳೇಬಿಟ್ನಿ!"

"ಅವ್ವಾ! ಅದನ್ಯಾಕ ಹೇಳಿದಿ?"

"ಖರೇನ ಹೇಳೀನಿ. ಈಗ ರೊಟ್ಟಿ ತಿನ್ನಾಕ್ಹತ್ತ್ಯಾನ. ಚೊಲೋ ತಿಂತಾನ, ಪಾಪ."

ಕಾವ್ಯಶ್ರೀ ಕಚೇರಿಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಮೊದಲು ನಗು ಬಂತು. ಆಮೇಲೆ, ಯಾಕೆಂದು ತಿಳಿಯದೆ, ಕಣ್ಣು ತುಂಬಿ ಬಂತು...

ಸಂಜೆ ಶಿರಸಿಯ ಬಸ್ ನಿಲ್ದಾಣದಲ್ಲಿ ಇಳಿದಾಗ ಮನೋಹರ ಅಲ್ಲಿದ್ದ. ಹುಬ್ಬಳ್ಳಿಯಿಂದ ಬರುವ ಒಂದೊಂದು ಬಸ್ಸಿನ ಬಾಗಿಲಿಗೂ ಹೋಗಿ ನೋಡುತ್ತಿದ್ದನೆಂದು ಕಾಣುತ್ತದೆ, ಅಂಗಿಯೆಲ್ಲ ಧೂಳು.

"ನಿಮ್ಮ ಅವ್ವ ಹೇಳಿದ್ರು... ನಾನು ಕಳ್ಳ ಅಂತೆ," ಎಂದ.

ಅವಳು ತಲೆ ತಗ್ಗಿಸಲಿಲ್ಲ. ಕೇಳಲೇಬೇಕಾದ ಮಾತೊಂದು ಉಳಿದಿತ್ತು.

"ಪರೀಕ್ಷಾಕ್ಕ ನೀವೂ ಹೊಂಟೀರಿ ಅಂತ ನನಗ್ಯಾಕ ಹೇಳಲಿಲ್ಲ?"

ಮನೋಹರನ ನಗು ಮಾಯವಾಯಿತು. "ಹೇಳಿದ್ರೆ ರಸೀದಿ ಕೊಡ್ತಿದ್ರಾ?"

"ಇಲ್ಲ."

"ಅದಕ್ಕೇ. ಕೈಗೆ ಕೊಟ್ಟ ಮೇಲೆ ಹೇಳುವ ಅಂತಿದ್ದೆ. ತಪ್ಪಾತು. ಮೊದಲೇ ಹೇಳ್ಬೇಕಿತ್ತು."

ಅವಳು ಹಳೆಯ ಮದುವೆಯ ಕತೆ ಹೇಳಿದಳು. ಪಾಕೀಟಿನಲ್ಲಿ ಸಿಕ್ಕ ಲೈಸೆನ್ಸನ್ನು ಹೇಳಿದಳು, ಆ ನಗುವನ್ನು ಹೇಳಿದಳು. ಯಾರಿಗೂ ಹೇಳದ ಮಾತುಗಳು ಬಸ್ಸುಗಳ ಗದ್ದಲದ ನಡುವೆ ತಾವಾಗೇ ಹೊರಬಂದವು. ಅವನು ಒಮ್ಮೆಯೂ ಬಾಯಿ ಹಾಕದೆ ಕೇಳಿದ.

"ನಿಮ್ಮದು ಕಸ್ಕೊಂಡು ನನಗೆಂತ ಆಗ್ಬೇಕು? ನನ್ನದೇ ಒಂದು ಐತಲ್ಲ," ಎಂದ ಕೊನೆಗೆ. "ಆದ್ರೆ ಒಂದು ಮಾತು. ಸೋಮವಾರ ನಿಮಗಾಗಿ ಬಿಟ್ಟುಕೊಡ್ತೆ ಅಂತ ತಿಳೀಬೇಡಿ. ನಾನೂ ಚೆನ್ನಾಗೇ ಓಡಿಸ್ತೆ!"

"ಬಿಟ್ಟುಕೊಟ್ರ ನಾ ತಗೊಳ್ಳೂದೂ ಇಲ್ರಿ!"

ಇಬ್ಬರೂ ನಕ್ಕರು. ದಾಸನಕೊಪ್ಪದ ಬಸ್ ಬಂದು ನಿಂತಿತು.

"ಲೈಸೆನ್ಸ್ ನಿಮ್ಮ ಅವ್ವನ ಕೈಗೆ ಕೊಟ್ಟಾತು," ಎಂದ ಅವನು ನೆಲ ನೋಡುತ್ತ. "ಇನ್ನು ನಿಮಗೆ ಫೋನ್ ಮಾಡೂಕೆ ನೆಪ ಇಲ್ಲ. ನೆಪ ಇಲ್ದೇ ಮಾಡ್ಬಹುದಾ...? ಸೋಮವಾರ ಆದ್ಮೇಲೂ? ನಂಗೆ... ನಿಮ್ಮ ಮಾತು ಕೇಳ್ದೆ ಎರಡು ದಿನ ಇರೂಕೆ ಆಗ್ಲಿಲ್ಲ."

ಕಂಡಕ್ಟರ್ ಸೀಟಿ ಊದಿದ. ಅವಳು ಬಸ್ಸಿನ ಮೆಟ್ಟಿಲು ಹತ್ತಿ, ಬಾಗಿಲ ಕಂಬಿ ಹಿಡಿದು ಹಿಂದಿರುಗಿ ನೋಡಿದಳು.

"ಫೋನ್ ಯಾಕ? ಭಾನುವಾರ ಮನೀಗೇ ಬಾ," ಎಂದಳು.

ಅವನು ತಲೆ ಎತ್ತಿದ. "ಎಂತ ಅಂದ್ರಿ? 'ಬಾ' ಅಂದ್ರಾ?"

"ಹೂಂ. ಬಾ ಅಂದೆ."