ಎರಡೂ ಎಡತೋಳು

ಹೊಲಿಗೆ ಮಾಸ್ತರರು ಕಟಿಂಗ್ ಟೇಬಲ್ಲಿನ ಪಕ್ಕ ಬೋರಲಾಗಿ ಬಿದ್ದಿದ್ದರು. ತಲೆಯ ಹಿಂಭಾಗ ಒಡೆದಿತ್ತು. ಪಕ್ಕದಲ್ಲೇ ರಕ್ತ ಮೆತ್ತಿದ ಇಸ್ತ್ರಿಪೆಟ್ಟಿಗೆ.

ಮೊದಲು ನೋಡಿದವಳು ಹೊಸ ಹುಡುಗಿ. ಹೊಲಿಗೆ ತರಬೇತಿ ಕೇಂದ್ರಕ್ಕೆ ಸೇರಿ ಒಂಬತ್ತು ತಿಂಗಳಾದರೂ ಎಲ್ಲರ ಬಾಯಲ್ಲಿ ಅವಳಿನ್ನೂ ‘ಹೊಸ ಹುಡುಗಿ’. ಅವಳ ಚೀರಾಟಕ್ಕೆ ಇಡೀ ಕಟ್ಟಡವೇ ಓಡಿಬಂದಿತ್ತು.

ಇನ್ಸ್‌ಪೆಕ್ಟರ್ ಬಂದಾಗ ಬೆಳಿಗ್ಗೆ ಒಂಬತ್ತೂವರೆ. ಹುಡುಗಿ ಗೋಡೆಗೆ ಆತು ಕೂತಿದ್ದಳು. ಹಲ್ಲು ಕಟಕಟ ಅನ್ನುತ್ತಿತ್ತು.

“ಏನು ನೋಡಿದೆಯಮ್ಮ?”

“ಕೆಂಪು ದೀಪ.”

“ಯಾವ ದೀಪ?”

“ಸ್ವಿಚ್ ಬೋರ್ಡಿಂದು. ಅಷ್ಟೇ ಮೇಡಂ. ಒಳಗೆ ಹೇಗೆ ಬಂದೆ ಅನ್ನೋದೂ ನೆನಪಿಲ್ಲ.”

ಇನ್ಸ್‌ಪೆಕ್ಟರಿಗೆ ಇದು ಹೊಸದಲ್ಲ. ಇಪ್ಪತ್ತು ವರ್ಷದ ನೌಕರಿಯಲ್ಲಿ ಇಂಥವರನ್ನು ಎಷ್ಟೋ ಕಂಡಿದ್ದಳು. ಎದೆ ನಡುಗಿದಾಗ ಒಂದು ಚುಕ್ಕಿ ಮಾತ್ರ ಕೆತ್ತಿದ ಹಾಗೆ ಉಳಿಯುತ್ತದೆ. ಸುತ್ತಲಿನದೆಲ್ಲ ಅಳಿಸಿಹೋಗುತ್ತದೆ.

“ಪಾಪ, ಬಿಡಿ ಮೇಡಂ. ನನ್ನ ರೂಮಲ್ಲಿ ಕೂರಿಸ್ಕೊಂಡು ಸಮಾಧಾನ ಮಾಡ್ತೀನಿ.” ಆಫೀಸು ನೋಡಿಕೊಳ್ಳುವ ಹೆಂಗಸು ಹುಡುಗಿಯನ್ನು ತಬ್ಬಿ ಎಬ್ಬಿಸಿದಳು. ಎಲ್ಲರ ಕಷ್ಟಕ್ಕೂ ಓಡಿಬರುವವಳು. ಅದಕ್ಕೇ ಅವಳನ್ನು ಎಲ್ಲರೂ ದೊಡ್ಡಕ್ಕ ಅನ್ನುತ್ತಿದ್ದರು.

ಕೋಣೆ ಖಾಲಿಯಾಯಿತು. ಬಾಗಿಲು ಹಾಕಿಸಿ ಹೆಣ ಎತ್ತಿಸಿದರು. ಅಡಿಯಲ್ಲಿ ನೀಲಿ ಬಟ್ಟೆಯ ಎರಡು ತೋಳುಗಳಿದ್ದವು. ಇನ್ಸ್‌ಪೆಕ್ಟರ್ ಒಂದರ ಮೇಲೊಂದು ಇಟ್ಟು ನೋಡಿದಳು. ಎರಡೂ ಎಡಗೈಯವೇ!

“ಇದರ ವಿಷಯ ಯಾರ ಹತ್ರಾನೂ ಬಾಯಿ ಬಿಡಬೇಡಿ,” ಎಂದು ಕಾನ್‌ಸ್ಟೇಬಲ್‌ಗೆ ತಾಕೀತು ಮಾಡಿದಳು.

* * *

“ಮಾಸ್ತರರಿಗೂ ಹುಡುಗಿಗೂ ಹೇಗಿತ್ತು?”

ಹಿರಿಯ ವಿದ್ಯಾರ್ಥಿನಿ ತಡವರಿಸಿದಳು. “ಅವರು ದಿನಾ ಬೈಯೋರು. ಒಬ್ಬಳೇ ಇದ್ದಾಗ ಎಷ್ಟು ಚೆನ್ನಾಗಿ ಕತ್ತರಿಸ್ತಿದ್ಲು ಗೊತ್ತಾ? ಅವರು ಗುಡುಗಿದ್ರೆ ಸಾಕು, ಕಲಿತದ್ದೆಲ್ಲ ಮರೆತು ಕಲ್ಲಿನ ಹಾಗೆ ನಿಂತುಬಿಡೋಳು. ನಿನ್ನೆಯಂತೂ ಅತ್ತುಕೊಂಡೇ ಮನೆಗೆ ಹೋದ್ಲು.”

ಕಾನ್‌ಸ್ಟೇಬಲ್ ಹುಬ್ಬು ಹಾರಿಸಿದ.

* * *

ಹನ್ನೊಂದು ಗಂಟೆಗೆ ಹುಡುಗಿ ತಾನಾಗಿಯೇ ಬಂದು ನಿಂತಳು. ನಡುಕ ನಿಂತಿತ್ತು.

“ಮೇಡಂ, ನಾನೇ ಹೊಡೆದೆ.”

ಇನ್ಸ್‌ಪೆಕ್ಟರ್ ತಲೆಯೆತ್ತಿದಳು. “ಏನಂದೆ?”

“ನೀಲಿ ಬಟ್ಟೇಲಿ ಎರಡೂ ಎಡತೋಳೇ ಕತ್ತರಿಸಿದೆ ಅಂತ ಬೈದ್ರು. ತಲೆ ಕೆಟ್ಟೋಯ್ತು. ಅವರು ತಿರುಗಿದಾಗ ಇಸ್ತ್ರಿಪೆಟ್ಟಿಗೆ ಎತ್ತಿ ಹೊಡೆದೆ. ಈಗ ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ.”

“ಕೇಸ್ ಮುಗೀತಲ್ಲ ಮೇಡಂ,” ಎಂದ ಕಾನ್‌ಸ್ಟೇಬಲ್. ತೋಳಿನ ಸಂಗತಿ ಅವಳಿಗೆ ಬೇರೆ ಹೇಗೆ ಗೊತ್ತಾಗಬೇಕು?

ಅಷ್ಟರಲ್ಲಿ ವೈದ್ಯರ ಫೋನ್ ಬಂತು. “ಸಾವು ಆಗಿರೋದು ಬೆಳಿಗ್ಗೆ ಏಳರಿಂದ ಎಂಟರೊಳಗೆ. ಅನುಮಾನವೇ ಬೇಡ.”

ಇನ್ಸ್‌ಪೆಕ್ಟರ್ ಗೇಟಿಗೆ ಓಡಿದಳು. ಕಾವಲುಗಾರ ಪುಸ್ತಕ ತೆರೆದು ತೋರಿಸಿದ. ಎಂಟರೊಳಗೆ ಬಂದವರು ಮಾಸ್ತರರನ್ನು ಬಿಟ್ಟು ಆರು ಜನ. ಹುಡುಗಿ ಒಳಗೆ ಕಾಲಿಟ್ಟದ್ದು ಒಂಬತ್ತು ಹತ್ತಕ್ಕೆ.

* * *

ದೊಡ್ಡಕ್ಕನ ರೂಮು. ಹುಡುಗಿಯ ತಲೆ ಅವಳ ಹೆಗಲ ಮೇಲಿತ್ತು.

“ಆ ತೋಳುಗಳ ವಿಷಯ ನಿನಗೆ ಮೊದಲು ಹೇಳಿದ್ದು ಯಾರಮ್ಮ?”

“ದೊಡ್ಡಕ್ಕ.” ಹುಡುಗಿಯ ಕಣ್ಣಲ್ಲಿ ಕೃತಜ್ಞತೆ. “ನನಗೆ ಏನೂ ನೆನಪಿರಲಿಲ್ವಲ್ಲ. ಇವರೇ ನಿಧಾನವಾಗಿ ನೆನಪು ಮಾಡಿಕೊಟ್ರು. ಇವರು ಹೇಳ್ತಾ ಹೋದ ಹಾಗೆ ಎಲ್ಲ ಕಾಣಿಸ್ತಾ ಹೋಯ್ತು.”

ಬೆನ್ನು ಸವರುತ್ತಿದ್ದ ಕೈ ನಿಂತಿತು.

“ಆ ತೋಳುಗಳು ಹೆಣದ ಅಡಿಯಲ್ಲಿದ್ವು,” ಎಂದಳು ಇನ್ಸ್‌ಪೆಕ್ಟರ್. “ನಾವು ಎತ್ತೋ ತನಕ ಯಾರ ಕಣ್ಣಿಗೂ ಬಿದ್ದಿಲ್ಲ. ಮಾಸ್ತರರು ಅವನ್ನ ಹಿಡ್ಕೊಂಡಿದ್ದಾಗ ಎದುರಿಗಿದ್ದವರಿಗೆ ಮಾತ್ರ ಗೊತ್ತು. ಈ ಹುಡುಗಿ ಆಗ ಗೇಟಿನ ಒಳಗೇ ಬಂದಿರಲಿಲ್ಲ. ನೀವು ಏಳೂವರೆಗೇ ಬಂದಿದ್ರಿ. ಹೆದರಿ ಬರಿದಾದ ತಲೆಗೆ ನೀವು ಕಣ್ಣಾರೆ ಕಂಡದ್ದನ್ನೇ ತುಂಬಿಸಿದ್ರಿ.”

ದೊಡ್ಡಕ್ಕನ ಮುಖ ಬಿಳಿಚಿಕೊಂಡಿತು.

“ದುಡ್ಡು ಕೊಟ್ಟು ಪಾಸಾದವಳೊಬ್ಬಳು ಕತ್ತರಿಸಿದ ತೋಳು ಅವು,” ಎಂದಳು ಕೊನೆಗೆ. “ಅವನ್ನ ನೋಡಿ, ನಾನು ಸರ್ಟಿಫಿಕೇಟ್ ಮಾರ್ತೀನಿ ಅಂತ ಮಾಸ್ತರರಿಗೆ ಗೊತ್ತಾಗೋಯ್ತು. ಎಲ್ಲರಿಗೂ ಹೇಳ್ತೀನಿ ಅಂದ್ರು.”

ಹುಡುಗಿ ಆ ಹೆಗಲಿನಿಂದ ಮೆಲ್ಲನೆ ಸರಿದಳು.

* * *

ದೊಡ್ಡಕ್ಕನನ್ನು ಕೂರಿಸಿಕೊಂಡು ಜೀಪು ಹೋದ ಮೇಲೆ ಇನ್ಸ್‌ಪೆಕ್ಟರ್ ಹುಡುಗಿಯ ಪಕ್ಕ ಕೂತಳು.

“ನೀನು ಹೊಡೆದಿಲ್ಲ. ಧೈರ್ಯವಾಗಿ ಮನೆಗೆ ಹೋಗು.”

“ಗೊತ್ತು ಮೇಡಂ.” ಹುಡುಗಿ ತನ್ನ ಬಲಗೈಯನ್ನೇ ದಿಟ್ಟಿಸುತ್ತಿದ್ದಳು. “ಆದ್ರೆ ಹೊಡೆದದ್ದು ನೆನಪಿದೆ. ಪೆಟ್ಟಿಗೆಯ ಭಾರ ಕೂಡ ಗೊತ್ತಾಗ್ತಿದೆ. ಇದನ್ನ ಯಾರು ತೆಗೀತಾರೆ?”

ಇನ್ಸ್‌ಪೆಕ್ಟರ್ ಆ ಕೈಯನ್ನು ಹಿಡಿದುಕೊಂಡಳು.