ಲೈಟಿಗೆ ಕೂತವಳು

“ಇವತ್ತು ನಾನು ಲೈಟಿಗೆ ಕೂರಲ್ಲ,” ಎಂದು ಮಾಣಿಕ್ಯಂ ಬಾಚಣಿಗೆಯನ್ನು ಪೆಟ್ಟಿಗೆಗೆ ಕುಕ್ಕಿದಳು.

ಸ್ಟುಡಿಯೊದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗಂಡ ತೀರಿಕೊಂಡ ಮೇಲೆ ಹೇರ್‌ಡ್ರೆಸರ್ ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಬಂದವಳು ಅವಳು. ಇಪ್ಪತ್ತೆರಡು ವರ್ಷಗಳಿಂದ ಕ್ಯಾಮೆರಾಮನ್ ಶೋಭನಾದ್ರಿ ಲೈಟು ಜೋಡಿಸುವಾಗ ನಾಯಕಿಯ ಜಾಗದಲ್ಲಿ ಕೂರುತ್ತಿದ್ದವಳೂ ಅವಳೇ. ಅವರು ಅವಳ ಕೆನ್ನೆಯ ಹತ್ತಿರ ಬೆಳಕಳೆಯುವ ಮೀಟರು ಹಿಡಿದು, ಕಣ್ಣು ಕಿರಿದು ಮಾಡಿ, ಗಂಟೆಗಟ್ಟಲೆ ನೋಡುತ್ತಿದ್ದರು. ಆಮೇಲೆ “ಶಾಟ್ ರೆಡಿ” ಎಂದರೆ ಮುಗಿಯಿತು. ಅವಳು ಎದ್ದು ಆ ಬೆಳಕನ್ನು ಇನ್ನೊಬ್ಬಳಿಗೆ ಬಿಟ್ಟುಕೊಡಬೇಕು. ಪ್ರತಿ ಸಲವೂ ಹೊಟ್ಟೆ ಉರಿಯುತ್ತಿತ್ತು.

ಇವತ್ತಿನದು ಮಾತ್ರ ತಾಳಲಾರದ ಉರಿ. ಇದು ಶೋಭನಾದ್ರಿಯವರ ಕೊನೆಯ ಸಿನಿಮಾ. ಒಂಬತ್ತು ವರ್ಷದ ನಂತರ ಸಿನಿಮಾಕ್ಕೆ ಮರಳಿ ಬಂದ ನಾಯಕಿ ಇಂದುಲೇಖಾ, ಅವರೇ ಕ್ಯಾಮೆರಾ ಹಿಡಿದರೆ ಮಾತ್ರ ನಟಿಸುತ್ತೇನೆಂದು ಹಟ ಹಿಡಿದಿದ್ದಳು. ಬೆಳಿಗ್ಗೆ ಅವರ ಕೈಗೆ ಪೂತರೇಕುಲು ಮಿಠಾಯಿಯ ಡಬ್ಬಿ ಇಟ್ಟು ನಕ್ಕಿದ್ದಳು. ಮದುವೆಯೇ ಆಗದ ಆ ಮುದುಕರೂ ಹಲ್ಲು ಕಿರಿದಿದ್ದರು.

“ಏನಾಯ್ತು ಮಾಣಿಕ್ಯಂ?” ಎಂದರು ಶೋಭನಾದ್ರಿ.

“ಅವರನ್ನೇ ಕೂರಿಸ್ಕೊಳ್ಳಿ ಶೋಭನಾದ್ರಿ ಗಾರು. ಸ್ವೀಟ್ ತಿನ್ಕೊಂಡು ಆರಾಮಾಗಿ ನೋಡ್ಬಹುದು.”

ಲೈಟಿನವರು ಕಿಸಕ್ಕೆಂದರು. ಗಲಾಟೆ ಕೇಳಿ ಇಂದುಲೇಖಾ ಕ್ಯಾರವಾನಿನಿಂದ ಇಳಿದು ಬಂದಳು.

“ಅಲ್ಲ ಕಣೆ, ಹೊಟ್ಟೆ ಉರ್ಕೋಬೇಕಾಗಿರೋದು ನಾನು,” ಎಂದಳು. “ನಾನು ಬೆಳ್ಳಗಿದ್ದೀನಿ, ಲೈಟು ಇಳಿಸಿ ಅಂತ ಪ್ರತಿ ಸಿನಿಮಾದಲ್ಲೂ ಗೋಗರೆದೆ. ನಿನ್ನ ಕಪ್ಪು ಬಣ್ಣಕ್ಕೆ ಅಂತ ಜಾಸ್ತಿ ಹಾಕಿದ ಬೆಳಕನ್ನ ಈ ಮನುಷ್ಯ ಒಂದು ದಿನಾನೂ ಇಳಿಸ್ಲಿಲ್ಲ. ಜನ ಶೋಭನಾದ್ರಿ ಹೊಳಪು ಅಂದ್ರು, ಪ್ರಶಸ್ತಿ ಕೊಟ್ರು. ಅವರು ತೆಗೀತಿದ್ದಿದ್ದು ನನ್ನನ್ನಲ್ಲ ಅಂತ ನನಗೊಬ್ಬಳಿಗೇ ಗೊತ್ತಿತ್ತು.”

ಮಾಣಿಕ್ಯಂ ಅವರತ್ತ ತಿರುಗಿದಳು. “ನಿಜವಾ?”

ಶೋಭನಾದ್ರಿ ಕನ್ನಡಕ ತೆಗೆದು ಒರೆಸಿಕೊಂಡರು.

“ಇಳಿಸ್ಬೇಕಿತ್ತು. ಮರೆತುಬಿಡ್ತಿದ್ದೆ. ನೀನು ಎದ್ದು ಹೋದ್ಮೇಲೂ ನನ್ನ ಕಣ್ಣಿಗೆ ನೀನೇ ಕೂತಿರ್ತಿದ್ದೆ.” ಅವರ ದನಿ ಇಳಿಯಿತು. “ಈ ಸಿನಿಮಾ ಮುಗಿದ್ರೆ ನಿನ್ನ ನೋಡೋಕೆ ನನಗೆ ನೆಪಾನೇ ಇರಲ್ಲ. ಇವತ್ತೂ ಕೂರಲ್ಲ ಅಂದ್ರೆ ಹೆಂಗೆ ಹೇಳು?”

ಅವಳ ಕಣ್ಣು ತುಂಬಿತು. ಸಿಟ್ಟು ಮಾತ್ರ ಪೂರ್ತಿ ಇಳಿದಿರಲಿಲ್ಲ. ಹೋಗಿ ಕುರ್ಚಿಯಲ್ಲಿ ಕೂತು, ಸೆರಗು ಸರಿಮಾಡಿಕೊಂಡು, ಮುಖ ಎತ್ತಿದಳು.

“ನೆಪ ಯಾಕೆ ಬೇಕು? ಮನೆಗೇ ಬಂದ್ಬಿಡಿ, ಇರೋವರೆಗೂ ನೋಡಿ,” ಎಂದಳು. “ಆದ್ರೆ ಇವತ್ತು ನಾನು ಎದ್ದ ತಕ್ಷಣ ಲೈಟು ಇಳಿಸ್ಬೇಕು. ನನ್ನ ಬೆಳಕು ಇನ್ಯಾರಿಗೂ ಬೇಡ.”